ಎರಾಸ್ ಟೂರ್ ಸಿನಿಮಾ: ಮಕ್ಕಳ ಗುಂಪಿಗೆ ಯಾವ ಆಡಿ (ಥಿಯೇಟರಿನೊಳಗಿನ ಹಾಲ್), ಯಾವ ಸಾಲು, ಎಷ್ಟು ಸೌಂಡ್?

ಜಯನಗರ 4ನೇ ಬ್ಲಾಕ್:

ಗಾಯಕಿ ಟೇಲರ್ ಸ್ವಿಫ್ಟ್ ಅವರ ಸ್ಟೇಡಿಯಂ ಸಂಗೀತ ಕಾರ್ಯಕ್ರಮದ ಚಿತ್ರ, ಎರಾಸ್ ಟೂರ್ ಸಿನಿಮಾ, 2023ರ ನವೆಂಬರ್ 3ಕ್ಕೆ ನಮ್ಮಲ್ಲೂ ಬಿಡುಗಡೆ ಆಗ್ತಿದೆ. 8ರಿಂದ 14 ವರ್ಷದೊಳಗಿನ ಒಂಬತ್ತು ಹೆಣ್ಣುಮಕ್ಕಳು, ಜೊತೆಗೆ ಮೂರು ಜನ ದೊಡ್ಡವರು, ಒಟ್ಟು ಹನ್ನೆರಡು ಟಿಕೆಟ್ ಬುಕ್ ಮಾಡಬೇಕು. ಅಮೆರಿಕದಲ್ಲಿ ಈ ಸಿನಿಮಾಗೆ ಜನ ಎದ್ದು ನಿಂತು ಹಾಡ್ತಾರೆ, ಕುಣೀತಾರೆ ಅಂತ ವಿಡಿಯೋಗಳಲ್ಲಿ ಕಾಣ್ತಿದೆ. ಇಲ್ಲಿನ ಮಲ್ಟಿಪ್ಲೆಕ್ಸ್‌ನಲ್ಲಿ ಅದಕ್ಕೆ ಬಿಡ್ತಾರಾ? ರಿಕ್ಲೈನರ್ ಇರುವ ಚಿಕ್ಕ ಆಡಿ ಒಳ್ಳೆಯದೋ, ದೊಡ್ಡ ಪರದೆಯದ್ದೋ? ಕುಣಿಯುವ ಮಕ್ಕಳನ್ನ ಯಾವ ಸಾಲಿನಲ್ಲಿ ಕೂರಿಸಿದರೆ ಹಿಂದಿನವರಿಗೆ ತೊಂದರೆ ಆಗಲ್ಲ? ಸುಮಾರು ಮೂರು ಗಂಟೆ ಆ ಸೌಂಡ್ 8 ವರ್ಷದ ಕಿವಿಗೆ ಸರಿಹೋಗುತ್ತಾ? ಎಲ್ಲಕ್ಕಿಂತ ಮುಖ್ಯ, ಮಣಿ ಬ್ರೇಸ್ಲೆಟ್ ಮಾಡಿ ಹಂಚಬೇಕು ಅಂತ ಮಕ್ಕಳು ಪಟ್ಟು ಹಿಡಿದಿದ್ದಾರೆ. ಗೊತ್ತಿರೋರು ವಿವರವಾಗಿ ಹೇಳಿ.

---

ಎಡಿಸನ್ ಕನ್ನಡತಿ:

ಇಲ್ಲಿ ಅಮೆರಿಕದಲ್ಲಿ 2023ರ ಅಕ್ಟೋಬರ್ 13ಕ್ಕೆ ಬಿಡುಗಡೆ ಆಯಿತು. ಆಗ ಪ್ರದರ್ಶನ ಗುರುವಾರದಿಂದ ಭಾನುವಾರದವರೆಗೆ ಮಾತ್ರ ಇತ್ತು. ದೊಡ್ಡವರ ಟಿಕೆಟ್ 19.89 ಡಾಲರ್ ಇತ್ತು, ಮಕ್ಕಳಿಗೂ ಹಿರಿಯರಿಗೂ 13.13. ಮೊದಲನೆಯದು ಟೇಲರ್ ಹುಟ್ಟಿದ ವರ್ಷ, ಎರಡನೆಯದು ಅವರ ಅದೃಷ್ಟದ ಅಂಕಿ.

ಕುಣಿಯುವ ಬಗ್ಗೆ: ಚಿತ್ರವನ್ನು ಹಂಚಿದ್ದು ಎಎಂಸಿ ಎಂಬ ಚಿತ್ರಮಂದಿರ ಸರಣಿಯೇ. ಹಾಡಿ, ಕುಣಿಯಿರಿ, ನಿಮ್ಮವರ ಫೋಟೋ ತೆಗೆದುಕೊಳ್ಳಿ ಎಂದು ಅವರೇ ಹೇಳಿದ್ದಾರೆ. ಸೀಟಿನ ಮೇಲೆ ಹತ್ತಬಾರದು, ಬೇರೆಯವರಿಗೆ ಅಡ್ಡ ನಿಲ್ಲಬಾರದು, ಓಡಾಡುವ ದಾರಿ ಕಟ್ಟಬಾರದು, ಪರದೆಯನ್ನು ಚಿತ್ರೀಕರಿಸಬಾರದು. ಇಷ್ಟೇ ನಿಯಮ. ಬೆಂಗಳೂರಿನ ಥಿಯೇಟರಿಗೂ ಇದೇ ಅನ್ವಯ ಎಂದುಕೊಳ್ಳಬೇಡಿ, ಪ್ರತಿ ಥಿಯೇಟರಿನ ಮ್ಯಾನೇಜರ್ ತೀರ್ಮಾನ ಬೇರೆ. ಯಾವ ಶೋ ಆರಿಸುತ್ತೀರಿ ಅನ್ನುವುದರ ಮೇಲೂ ಹೋಗುತ್ತದೆ. ಮೊದಲ ದಿನ, ಮೊದಲ ವಾರಾಂತ್ಯದ ಸಂಜೆ ಶೋಗಳಿಗೆ ಬರುವವರು ಹಾಡಲೆಂದೇ ಬರುತ್ತಾರೆ. ವಾರದ ಮಧ್ಯೆ ಮಧ್ಯಾಹ್ನದ ಶೋ ಇದ್ದರೆ ಅಲ್ಲಿ ಬಹುತೇಕ ಕೂತು ನೋಡುವವರು. ನಿಮ್ಮ ಗುಂಪಿಗೆ ಮೊದಲನೆಯದೇ ಸರಿ.

ಅವಧಿ 168 ನಿಮಿಷ. ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನ ಸೋಫೈ ಸ್ಟೇಡಿಯಂನಲ್ಲಿ 2023ರ ಆಗಸ್ಟ್‌ನಲ್ಲಿ ನಡೆದ ಕಾರ್ಯಕ್ರಮಗಳ ಚಿತ್ರೀಕರಣ, ನಿರ್ದೇಶನ ಸ್ಯಾಮ್ ರೆಂಚ್. ಆಲ್ಬಮ್ಮುಗಳು ಬರುವ ಕ್ರಮ: ಲವರ್, ಫಿಯರ್‌ಲೆಸ್, ಎವರ್‌ಮೋರ್, ರೆಪ್ಯುಟೇಶನ್, ಸ್ಪೀಕ್ ನೌ, ರೆಡ್, ಫೋಕ್‌ಲೋರ್, 1989, ಗಿಟಾರು ಮತ್ತು ಪಿಯಾನೋದಲ್ಲಿ ಎರಡು ಹಾಡು, ಕೊನೆಗೆ ಮಿಡ್‌ನೈಟ್ಸ್. ಇದನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ಬಾತ್‌ರೂಮಿಗೆ ಯಾವಾಗ ಹೋಗಬೇಕು ಎಂಬುದು ಒಂಬತ್ತು ಮಕ್ಕಳಿರುವಾಗ ಸಣ್ಣ ವಿಷಯವಲ್ಲ. ಎವರ್‌ಮೋರ್ ಮತ್ತು ಫೋಕ್‌ಲೋರ್ ನಿಧಾನದ ಭಾಗಗಳು, ಚಿಕ್ಕವರು ಅಲ್ಲೇ ಚಡಪಡಿಸುವುದು. ರೆಪ್ಯುಟೇಶನ್ ಶುರುವಾದ ಮೇಲೆ ಯಾರೂ ಕದಲುವುದಿಲ್ಲ. ಆದ್ದರಿಂದ ಎವರ್‌ಮೋರ್ ಮುಗಿಯುವಷ್ಟರಲ್ಲಿ ಮೊದಲ ತಂಡ ಹೋಗಿ ಬರಲಿ, ಫೋಕ್‌ಲೋರ್ ನಡುವೆ ಎರಡನೆಯ ತಂಡ. ಒಬ್ಬೊಬ್ಬ ದೊಡ್ಡವರ ಜೊತೆ ಮೂರು ಮಕ್ಕಳು ಎಂದು ಮನೆಯಲ್ಲೇ ಹಂಚಿಬಿಡಿ.

ಸ್ಟೇಡಿಯಂನಲ್ಲಿ ಹಾಡಿದ್ದೆಲ್ಲ ಚಿತ್ರದಲ್ಲಿಲ್ಲ. ದಿ ಆರ್ಚರ್, ಕಾರ್ಡಿಗನ್, ವೈಲ್ಡೆಸ್ಟ್ ಡ್ರೀಮ್ಸ್ ಬಿಟ್ಟಿದ್ದಾರೆ. ಆ ಹಾಡಿಗೆಂದೇ ಕಾಯುವ ಮಗುವಿದ್ದರೆ ಮುಂಚೆಯೇ ಹೇಳಿಬಿಡಿ. ಲಾಂಗ್ ಲಿವ್ ಇದೆ, ಆದರೆ ಕೊನೆಯಲ್ಲಿ ಹೆಸರುಗಳು ಓಡುವಾಗ ಬರುತ್ತದೆ. ಜನ ಎದ್ದು ಹೊರಟರೆಂದು ನೀವೂ ಹೊರಡಬೇಡಿ.

ಇನ್ನೊಂದು: ಇಲ್ಲಿ ಇದಕ್ಕೆ ಸಿಕ್ಕಿರುವುದು ಪಿಜಿ 13 ದರ್ಜೆ, ಅಂದರೆ 13ರ ಕೆಳಗಿನವರಿಗೆ ಕೆಲವು ಭಾಗ ತಕ್ಕದ್ದಲ್ಲದಿರಬಹುದು ಎಂಬ ಎಚ್ಚರಿಕೆ. ಕೆಲವು ಹಾಡುಗಳಲ್ಲಿ ಬೈಗುಳದ ಪದಗಳಿವೆ. ನಮ್ಮ ಸೆನ್ಸಾರ್ ಪ್ರಮಾಣಪತ್ರ ಯಾವುದೆಂದು ಬುಕಿಂಗ್ ಪುಟದಲ್ಲಿ ನೋಡಿ, ಚಿಕ್ಕವರ ಅಪ್ಪ ಅಮ್ಮಂದಿರಿಗೆ ಮೊದಲೇ ತಿಳಿಸಿ. ಬೆಳಕು ಪಟಪಟ ಮಿನುಗುವ ದೃಶ್ಯಗಳೂ ಬಹಳ ಇವೆ, ಮಿನುಗುವ ಬೆಳಕಿಗೆ ಫಿಟ್ಸ್ ಬರುವ ಮಗುವಿದ್ದರೆ ವೈದ್ಯರನ್ನು ಕೇಳದೆ ಕರೆದೊಯ್ಯಬೇಡಿ.

---

ಪ್ರೊಜೆಕ್ಷನ್ ರೂಮು:

ಮೇಡಂ, ಪರದೆಯ ಅಗಲಕ್ಕಿಂತ ಮೊದಲು ಸೌಂಡ್ ನೋಡಿ. ಸಂಗೀತದ ಸಿನಿಮಾ ಅರ್ಧಕ್ಕಿಂತ ಹೆಚ್ಚು ಕೆಡುವುದು ಅಲ್ಲೇ.

ಚಿತ್ರಮಂದಿರದ ಸೌಂಡಿಗೆ ಒಂದು ಅಳತೆ ಇದೆ. ಆಡಿಯ ಉದ್ದದಲ್ಲಿ ಮೂರನೇ ಎರಡು ಭಾಗ ಹಿಂದಕ್ಕೆ, ಮಧ್ಯದಲ್ಲಿ ಮೈಕ್ ಇಟ್ಟು, ಪರದೆ ಹಿಂದಿನ ಒಂದೊಂದು ಸ್ಪೀಕರಿಗೂ ಪರೀಕ್ಷಾ ಶಬ್ದ ಕೊಟ್ಟು 85 ಡೆಸಿಬೆಲ್ ಬರುವಂತೆ ಕೂರಿಸುತ್ತಾರೆ. ಆಗ ಡಾಲ್ಬಿ ಪ್ರೊಸೆಸರ್ ಎಂಬ ಸೌಂಡ್ ಯಂತ್ರದ ಮೇಲಿನ ಫೇಡರ್ (ಸೌಂಡ್ ಏರಿಳಿಸುವ ಗುಂಡಿ) 7ರಲ್ಲಿರಬೇಕು. ಸಿನಿಮಾದ ಸೌಂಡ್ ಮಿಶ್ರಣ ಮಾಡುವ ಸ್ಟುಡಿಯೋದಲ್ಲೂ ಅದೇ 7, ಹಾಗಾಗಿ ಅಲ್ಲಿ ಕೇಳಿದ್ದೇ ಇಲ್ಲೂ ಕೇಳಬೇಕು. ಆದರೆ ಸೌಂಡ್ ಜಾಸ್ತಿಯಾಯಿತೆಂದು ಯಾರೋ ಒಬ್ಬರು ದೂರು ಕೊಟ್ಟರೆ ಫೇಡರ್ 5.5ಕ್ಕೆ, 5ಕ್ಕೆ ಇಳಿಯುತ್ತದೆ, ಮತ್ತೆ ಮೇಲಕ್ಕೆ ಏರಿಸುವವರಿಲ್ಲ. 7ರಿಂದ 5.5 ಅಂದರೆ 5 ಡೆಸಿಬೆಲ್ ಕಡಿಮೆ. ಮಾತಿನ ಸಿನಿಮಾಗೆ ಹೇಗೋ ನಡೆಯುತ್ತದೆ. ಇಲ್ಲಿ ಹಾಗಲ್ಲ. ಸೌಂಡ್ ಇಳಿದಾಗ ನಮ್ಮ ಕಿವಿಗೆ ಮೊದಲು ಮಾಯವಾಗುವುದು ಕೆಳಗಿನ ಸ್ವರ. ಬೇಸ್ ಗಿಟಾರು, ಡ್ರಮ್ಮಿನ ಗುದ್ದು ಸೊರಗುತ್ತದೆ, ಉಳಿಯುವುದು ಹಾಡುವ ಗಂಟಲು ಮತ್ತು ಚೀರಾಟ. ಅದರ ಮೇಲೆ ಇಡೀ ಹಾಲ್ ಹಾಡತೊಡಗಿದರೆ ವಾದ್ಯ ಕೇಳಿಸುವುದೇ ಇಲ್ಲ.

ನೀವು ಮಾಡಬೇಕಾದ್ದು: ಶೋಗೆ 20 ನಿಮಿಷ ಮುಂಚೆ ಡ್ಯೂಟಿ ಮ್ಯಾನೇಜರನ್ನು ಕಂಡು, “ಇದು ಸಂಗೀತದ ಸಿನಿಮಾ, ಫೇಡರ್ ಎಷ್ಟಕ್ಕಿದೆ, 6ರ ಮೇಲೆ ಇಡಬಹುದಾ” ಅಂತ ಕೇಳಿ. ಅಂಕಿ ಹಿಡಿದು ಕೇಳಿದರೆ ಅವರು ಪ್ರೊಜೆಕ್ಷನ್ನಿಗೆ ಹೇಳುತ್ತಾರೆ. ಬರೀ “ಸೌಂಡ್ ಜಾಸ್ತಿ ಮಾಡಿ” ಅಂದರೆ ಮೂರನೇ ಹಾಡಿಗೆ ಏರಿಸಿ ಐದನೇ ಹಾಡಿಗೆ ಇನ್ನೊಬ್ಬರ ಮಾತಿಗೆ ಇಳಿಸುತ್ತಾರೆ.

ಆಡಿ ಆರಿಸುವಾಗ ರಿಕ್ಲೈನರ್ ಬೇಡವೇ ಬೇಡ. ಕಾಲು ಚಾಚಿದ ಸೀಟುಗಳ ಮಧ್ಯೆ ನಿಲ್ಲಲು ಜಾಗವಿಲ್ಲ, ಕತ್ತಲಲ್ಲಿ ಮಗು ಫುಟ್‌ರೆಸ್ಟ್ ಎಡವುತ್ತದೆ. ಚಿಕ್ಕ ಆಡಿಯಲ್ಲಿ ಸಬ್‌ವೂಫರುಗಳೂ (ಕೆಳಗಿನ ಸ್ವರದ ಸ್ಪೀಕರುಗಳು) ಚಿಕ್ಕವು. ಡಾಲ್ಬಿ ಅಟ್ಮಾಸ್ (ತಲೆಯ ಮೇಲಿಂದಲೂ ಸೌಂಡ್ ಬರುವ ವ್ಯವಸ್ಥೆ) ಎಂದು ಬುಕಿಂಗಿನಲ್ಲಿ ನಮೂದಾಗಿರುವ ದೊಡ್ಡ ಆಡಿ, ಅಥವಾ ಈ ಚಿತ್ರ ಐಮ್ಯಾಕ್ಸ್‌ನಲ್ಲಿ ಹಾಕಿದ್ದರೆ ಅದು, ಇವೆರಡರಲ್ಲಿ ಸಿಕ್ಕಿದ್ದು ತೆಗೆದುಕೊಳ್ಳಿ. ಮಲ್ಟಿಪ್ಲೆಕ್ಸಿನ ಹೆಸರಿನಲ್ಲಿ ಐಮ್ಯಾಕ್ಸ್ ಇದ್ದರೆ ಸಾಲದು, ನಿಮ್ಮ ಶೋ ಮುಂದೆ ಆ ಪದ ಇರಬೇಕು. ಅದೇ ಮಲ್ಟಿಪ್ಲೆಕ್ಸಿನ ಬೇರೆ ಆಡಿಯಲ್ಲೂ ಶೋ ಇರುತ್ತದೆ.

ಪರದೆಯ ಮೇಲಿನ ಚಿತ್ರದ ಮಟ್ಟಿಗೆ ಒಂದೇ ಮಾತು. ರಾತ್ರಿಯ ಸ್ಟೇಡಿಯಂ, ಕಪ್ಪು ಹಿನ್ನೆಲೆ, ನಡುವೆ ಒಂದು ಹೊಳೆಯುವ ಉಡುಪು, ಅದರ ಸುತ್ತ ಸಾವಿರಾರು ಪುಟ್ಟ ದೀಪ. ಹಳೆಯ ಪ್ರೊಜೆಕ್ಟರಿನಲ್ಲಿ ಆ ಕಪ್ಪು ಬೂದಿ ಬಣ್ಣಕ್ಕೆ ತಿರುಗುವುದುಂಟು. ಬುಕಿಂಗಿನಲ್ಲಿ ಲೇಸರ್ ಪ್ರೊಜೆಕ್ಟರ್ ಎಂದಿರುವ ಆಡಿ ಸಿಕ್ಕರೆ ಒಳ್ಳೆಯದು.

ಸಾಲು: ಕುಣಿಯುವವರಿಗೆ ಕಟ್ಟಕಡೆಯ ಸಾಲು. ಹಿಂದೆ ಯಾರೂ ಇಲ್ಲ, ಅಡ್ಡ ಆಯಿತು ಅನ್ನುವವರಿಲ್ಲ.

---

ಶ್ರವಣ:

ಪ್ರೊಜೆಕ್ಷನ್ ರೂಮು ಅವರ ಮಾತಿನಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದದ್ದು ಒಪ್ಪುತ್ತೇನೆ. ಕಡೆಯ ಸಾಲು 8 ವರ್ಷದ ಮಗುವಿಗೆ ಸಲ್ಲದು. ಸುತ್ತಲಿನ ಸ್ಪೀಕರುಗಳು ಹಿಂಗೋಡೆಯಲ್ಲೂ ಇವೆ, ಕಡೆಯ ಸಾಲಿನ ತಲೆಯ ಮೇಲೆ ಅವು ಒಂದೆರಡು ಮೀಟರ್ ದೂರದಲ್ಲಿರುತ್ತವೆ. ಸ್ಪೀಕರ್ ಹತ್ತಿರ ಇದ್ದಾಗ ದೂರ ಅರ್ಧವಾದರೆ ಶಬ್ದ ಸುಮಾರು 6 ಡೆಸಿಬೆಲ್ ಏರುತ್ತದೆ. ಸಾಮಾನ್ಯ ಸಿನಿಮಾದಲ್ಲಿ ಆ ಸ್ಪೀಕರುಗಳು ಆಗಾಗ ಮಾತ್ರ ಮಾತಾಡುತ್ತವೆ. ಸ್ಟೇಡಿಯಂ ಕಾರ್ಯಕ್ರಮದಲ್ಲಿ ಜನರ ಕೂಗು ಹೆಚ್ಚಾಗಿ ಅಲ್ಲಿಂದಲೇ, ಬಿಡುವಿಲ್ಲದೆ ಬರುತ್ತದೆ.

ಲೆಕ್ಕ ಹೀಗಿದೆ. ದೊಡ್ಡವರ ಕೆಲಸದ ಜಾಗಕ್ಕೆ ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ನಿಯೋಷ್ ಸಂಸ್ಥೆ ಶಿಫಾರಸು ಮಾಡಿರುವ ಮಿತಿ 85 ಡೆಸಿಬೆಲ್, 8 ಗಂಟೆ. 3 ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ. 168 ನಿಮಿಷಕ್ಕೆ ಹೊಂದಿಸಿದರೆ ಸರಾಸರಿ 89ರ ಆಸುಪಾಸು. ಇದು ದೊಡ್ಡವರಿಗೆ. ಮಕ್ಕಳು ಹೆಡ್‌ಫೋನಿನಲ್ಲಿ ಕೇಳುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 40 ಗಂಟೆ, 75 ಡೆಸಿಬೆಲ್. ಅದೇ ಶಕ್ತಿಯನ್ನು ಈ ಒಂದು ಸಿನಿಮಾಗೆ ಕೂಡಿಸಿದರೆ 86ರ ಹತ್ತಿರ ಬರುತ್ತದೆ, ಅಂದರೆ ವಾರದ ಪಾಲು ಪೂರ್ತಿ ಒಂದೇ ಸಂಜೆಗೆ ಖರ್ಚು. ಗಮನಿಸಿ, ನಿಮ್ಮ ಮಗುವಿನ ಕಿವಿಗೆ ಅತಿ ಹತ್ತಿರದ ಸದ್ದು ಸ್ಪೀಕರಿನದ್ದಲ್ಲ, ಪಕ್ಕದ ಸೀಟಿನ ಗೆಳತಿಯ ಕಿರುಚಾಟ. ಅದನ್ನು ಯಾವ ಫೇಡರೂ ಇಳಿಸುವುದಿಲ್ಲ.

ಹತ್ತರ ಕೆಳಗಿನವರಿಗೆ ಕಿವಿ ಮುಚ್ಚುವ ಇಯರ್‌ಮಫ್ ಕೊಡಿ, ಹಾಡು ಕೇಳುವ ಹೆಡ್‌ಫೋನ್ ಅಲ್ಲ. ಡಬ್ಬದ ಮೇಲೆ ಎಸ್‌ಎನ್‌ಆರ್ (ಎಷ್ಟು ಡೆಸಿಬೆಲ್ ತಗ್ಗಿಸುತ್ತದೆ ಎಂಬ ಅಂಕಿ) 25ರ ಸುತ್ತ ಇದ್ದರೆ ಸಾಕು. ಫೋಮಿನ ಇಯರ್‌ಪ್ಲಗ್ ಚಿಕ್ಕ ಕಿವಿಯಲ್ಲಿ ಪೂರ್ತಿ ಒಳಗೆ ಹೋಗದೆ ಹೊರಗೇ ಉಬ್ಬಿ ನಿಲ್ಲುತ್ತದೆ, ಹಾಕಿದರೂ ಹಾಕದಂತೆ. ಮಫ್ ಕೂಡ ಸೋರುವುದು ಎರಡು ಕಾರಣಕ್ಕೆ: ಕನ್ನಡಕದ ಕಡ್ಡಿ, ಮತ್ತು ಕಿವಿಯ ಮೇಲೆ ಬಿದ್ದ ಜಡೆ ಕೂದಲು, ಮಿರಿಮಿರಿ ಹೇರ್‌ಬ್ಯಾಂಡ್. ಕೂದಲನ್ನು ಎತ್ತಿ ಕಟ್ಟಿ, ಮೆತ್ತೆ ಚರ್ಮಕ್ಕೇ ಅಂಟುವಂತೆ ಕೂರಿಸಿ. ಹಿಂದಿನ ದಿನ ಅರ್ಧ ಗಂಟೆ ಮನೆಯಲ್ಲಿ ಹಾಕಿಸಿ ನೋಡಿ, ಬಿಗಿಯಾದರೆ ಮಕ್ಕಳು ಎರಡನೇ ಹಾಡಿಗೇ ಕಿತ್ತೆಸೆಯುತ್ತಾರೆ. ಹನ್ನೆರಡು ದಾಟಿದವರಿಗೂ ದೊಡ್ಡವರಿಗೂ ಒಂದರ ಮೇಲೊಂದು ಮೂರು ಪುಟ್ಟ ಕೊಡೆಯಂತಿರುವ ಸಿಲಿಕೋನ್ ಇಯರ್‌ಪ್ಲಗ್ ಸಾಕು, ಅದು ಸಂಗೀತವನ್ನು ಫೋಮಿನಷ್ಟು ಮಂಕು ಮಾಡುವುದಿಲ್ಲ.

ಸಿನಿಮಾ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುವುದು, ಹತ್ತಿ ತುಂಬಿದ ಹಾಗೆ ಅನ್ನಿಸುವುದು ಮಾರನೆಯ ದಿನವೂ ಇದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ.

---

ಪ್ರೊಜೆಕ್ಷನ್ ರೂಮು:

ಶ್ರವಣ ಅವರು ಹೇಳಿದ್ದು ಸರಿ, ಚಿಕ್ಕವರನ್ನು ಅಲ್ಲಿ ಕೂರಿಸುವುದು ಬೇಡ. ಹಾಗಾದರೆ ಗುಂಪು ಒಡೆಯಿರಿ. ಹನ್ನೆರಡೂ ಸೀಟು ಒಂದೇ ಸಾಲಿನಲ್ಲಿ ಉದ್ದಕ್ಕೆ ತೆಗೆದುಕೊಂಡರೆ ತುದಿಯವರು ಗೋಡೆಯ ಸ್ಪೀಕರ್ ಕೆಳಗೆ ಹೋಗುತ್ತಾರೆ, ಅದೂ ತಪ್ಪು. ಎರಡು ಸಾಲು ಹಿಡಿಯಿರಿ, ಒಂದರ ಹಿಂದೆ ಒಂದು, ಆರು ಆರು ಸೀಟು, ಮಧ್ಯದ ಓಣಿಗೆ ತಾಗಿದಂತೆ. ಮುಂದಿನ ಸಾಲಿನಲ್ಲಿ ಚಿಕ್ಕವರು, ಹಿಂದಿನ ಸಾಲಿನಲ್ಲಿ ದೊಡ್ಡ ಹುಡುಗಿಯರು. ಮುಂದಿನವರು ಎದ್ದರೆ ಅಡ್ಡವಾಗುವುದು ನಿಮ್ಮವರಿಗೇ. ಮೆಟ್ಟಿಲು ಎತ್ತರದ ಆಡಿಯಾದರೆ 8 ವರ್ಷದ ಮಗು ಎದ್ದು ನಿಂತರೂ ಹಿಂದೆ ಕೂತವರ ಕಣ್ಣಿನ ಮಟ್ಟ ಅಷ್ಟಾಗಿ ದಾಟುವುದಿಲ್ಲ. 14 ವರ್ಷದವರು ಖಂಡಿತ ದಾಟುತ್ತಾರೆ, ಅವರ ಹಿಂದಿನ ಸಾಲಿನವರಿಗೆ ಶೋ ಶುರುವಿಗೆ ಮುಂಚೆ ಒಂದು ಮಾತು ಹೇಳಿಬಿಡಿ.

ಮೊದಲ ಸಾಲಿನ ಮುಂದೆ ಸಮತಟ್ಟು ಜಾಗ ಇರುತ್ತದೆ, ಕುಣಿಯಲು ಅದೇ ಸೊಗಸು ಎಂದು ಅನ್ನಿಸಬಹುದು. ಆದರೆ ಸಬ್‌ವೂಫರುಗಳು ಪರದೆಯ ಕೆಳಗೇ ಇರುತ್ತವೆ. ಅಲ್ಲಿ ಒಂದೆರಡು ಹಾಡು ಕುಣಿದು ಬರಲಿ, ಅಲ್ಲೇ ಕೂರುವುದು ಬೇಡ. ತುರ್ತು ನಿರ್ಗಮನದ ಬಾಗಿಲ ಮುಂದೆ ಗುಂಪು ಕಟ್ಟಲು ಬಿಡಬೇಡಿ.

---

ಮಣಿ ಸರ:

ಬ್ರೇಸ್ಲೆಟ್ ವಿಚಾರ ನನಗೆ ಬಿಡಿ. ಮಿಡ್‌ನೈಟ್ಸ್ ಆಲ್ಬಮ್ಮಿನ ಒಂದು ಹಾಡಿನಲ್ಲಿ ಗೆಳೆತನದ ಬ್ರೇಸ್ಲೆಟ್ ಮಾಡಿ ಅನ್ನುವ ಸಾಲು ಬರುತ್ತದೆ, ಅಭಿಮಾನಿಗಳ ಈ ವಿನಿಮಯ ಹುಟ್ಟಿದ್ದು ಅಲ್ಲಿಂದ. ಆ ಹಾಡು ಈ ಸಿನಿಮಾದಲ್ಲೂ ಇದೆ, ಮಿಡ್‌ನೈಟ್ಸ್ ಭಾಗಕ್ಕೆ ಸ್ವಲ್ಪ ಮುಂಚೆ, ಪಿಯಾನೋದಲ್ಲಿ.

ಸಾಮಾನು: 0.8 ಮಿಲಿಮೀಟರ್ ಎಲಾಸ್ಟಿಕ್ ದಾರ, 7 ಮಿಲಿಮೀಟರಿನ ದುಂಡು ಅಕ್ಷರ ಮಣಿ, 4 ಮಿಲಿಮೀಟರಿನ ಬಣ್ಣದ ಗಾಜಿನ ಮಣಿ. ಬೆಂಗಳೂರಿನಲ್ಲಿ ಮಾಮೂಲ್‌ಪೇಟೆಗೆ ಹೋದರೆ ತೂಕದ ಲೆಕ್ಕದಲ್ಲಿ ಸಿಗುತ್ತವೆ. ಅಕ್ಷರ ಮಣಿ ಕೊಳ್ಳುವಾಗ ಇಂಗ್ಲಿಷಿನ ಸ್ವರಾಕ್ಷರಗಳನ್ನು ಎಣಿಸಿ ನೋಡಿ. ಮಿಶ್ರ ಪ್ಯಾಕೆಟ್ಟಿನಲ್ಲಿ ಎಲ್ಲ ಅಕ್ಷರಗಳೂ ಹೆಚ್ಚುಕಡಿಮೆ ಸಮ ಇರುತ್ತವೆ, ಹಾಡಿನ ಹೆಸರು ಪೋಣಿಸುವಾಗ ಎ, ಇ, ಆರ್, ಎಸ್ ಮೊದಲು ಖಾಲಿಯಾಗುತ್ತವೆ, ಕ್ಯೂ ಮತ್ತು ಝಡ್ ಡಬ್ಬದಲ್ಲೇ ಉಳಿಯುತ್ತವೆ. ಸ್ವರಾಕ್ಷರದ ಪ್ಯಾಕೆಟ್ ಬೇರೆಯಾಗಿ ಸಿಕ್ಕರೆ ತನ್ನಿ.

ಅಳತೆ: ಮಕ್ಕಳ ಮಣಿಕಟ್ಟಿಗೆ 15 ಸೆಂಟಿಮೀಟರ್, ದೊಡ್ಡವರಿಗೆ 17. ಹತ್ತು ಅಕ್ಷರದ ಹೆಸರಾದರೆ 7 ಸೆಂಟಿಮೀಟರ್ ಅಕ್ಷರಕ್ಕೇ ಹೋಯಿತು. ದೊಡ್ಡವರದ್ದಕ್ಕೆ ಉಳಿದ 10 ಸೆಂಟಿಮೀಟರಿಗೆ 25 ಬಣ್ಣದ ಮಣಿ, ಮಕ್ಕಳದ್ದಕ್ಕೆ 20. ದಾರವನ್ನು 30 ಸೆಂಟಿಮೀಟರ್ ಕತ್ತರಿಸಿ, ಗಂಟಿಗೆ ಎರಡೂ ಕಡೆ ಉಳಿಯಬೇಕಲ್ಲ.

ಕಿತ್ತುಹೋಗುವುದು ಎರಡು ಕಡೆ. ಮೊದಲನೆಯದು ದಾರ ಹಿಗ್ಗಿ ಮಣಿಗಳ ನಡುವೆ ಸಂದಿ ಬಿಡುವುದು. ಪೋಣಿಸುವ ಮೊದಲು ದಾರವನ್ನು ನಾಲ್ಕೈದು ಸಲ ನಿಧಾನವಾಗಿ ಎಳೆದು ಬಿಟ್ಟರೆ ಅದು ಆಗಲೇ ಹಿಗ್ಗಿಕೊಳ್ಳುತ್ತದೆ, ಆಮೇಲೆ ಸಡಿಲ ಬೀಳುವುದಿಲ್ಲ. ಎರಡನೆಯದು ಗಂಟು. ಎಲಾಸ್ಟಿಕ್ ನುಣುಪು, ಮಾಮೂಲಿ ಗಂಟು ಜಾರುತ್ತದೆ. ಮೊದಲ ಸುತ್ತಿನಲ್ಲಿ ದಾರವನ್ನು ಒಂದು ಸಲದ ಬದಲು ಎರಡು ಸಲ ತೂರಿಸಿ ಎಳೆಯಿರಿ, ಅದರ ಮೇಲೆ ವಿರುದ್ಧ ದಿಕ್ಕಿಗೆ ಇನ್ನೊಂದು ಗಂಟು. ಬಿಗಿದ ಮೇಲೆ ಒಂದು ಹನಿ ಆಭರಣದ ಅಂಟು ಹಾಕಿ ಒಂದು ರಾತ್ರಿ ಒಣಗಲು ಬಿಡಿ. ಬೇಗ ಹಿಡಿಯುವ ಸೂಪರ್ ಗ್ಲೂ ಬೇಡ, ಅದು ದಾರವನ್ನು ಗಡುಸು ಮಾಡಿ ಗಂಟಿನ ಪಕ್ಕದಲ್ಲೇ ಮುರಿಯುತ್ತದೆ.

ತಲೆಗೆ ಐದಾರು ಇದ್ದರೆ ವಿನಿಮಯಕ್ಕೆ ಸಾಕು. ಕೊಡುವಾಗ ಲೈಟ್ ಹತ್ತಿದ್ದಾಗಲೇ ಕೊಡಲಿ. ಕತ್ತಲಲ್ಲಿ ಕಿತ್ತ ಗಾಜಿನ ಮಣಿ ಮೆಟ್ಟಿಲ ಮೇಲೆ ಚೆಲ್ಲಿದರೆ ಕಾಲು ಜಾರುತ್ತದೆ.

---

ಜಯನಗರ 4ನೇ ಬ್ಲಾಕ್:

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ಸಾಲಿನ ಉಪಾಯ ಹೊಳೆದೇ ಇರಲಿಲ್ಲ, ಹಾಗೇ ಬುಕ್ ಮಾಡ್ತೀನಿ. ಉಳಿದದ್ದು ಮೂರು: ಒಂದೆರಡು ಹಾಡು ಫೋನಿನಲ್ಲಿ ರೆಕಾರ್ಡ್ ಮಾಡಿದ್ರೆ ಪರವಾಗಿಲ್ವಾ? ಮಿನುಗುವ ಲೈಟ್ ಕಡ್ಡಿ ಒಳಗೆ ಬಿಡ್ತಾರಾ? ಇಂಟರ್ವಲ್ ಇರುತ್ತಾ?

---

ಡ್ಯೂಟಿ ಮ್ಯಾನೇಜರ್:

ರೆಕಾರ್ಡ್ ಮಾತ್ರ ಬೇಡ ಮೇಡಂ. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ ಥಿಯೇಟರಿನೊಳಗೆ ಅನುಮತಿ ಇಲ್ಲದೆ ರೆಕಾರ್ಡ್ ಮಾಡಿದರೆ 3 ತಿಂಗಳಿಂದ 3 ವರ್ಷದವರೆಗೆ ಜೈಲು, ದಂಡ ಕನಿಷ್ಠ 3 ಲಕ್ಷ ರೂಪಾಯಿ, ಗರಿಷ್ಠ ನಿರ್ಮಾಣ ವೆಚ್ಚದ ನೂರಕ್ಕೆ 5ರವರೆಗೆ. ಮಕ್ಕಳ ಆಸೆಗೆ ಮಾಡಿದ್ದು ಅಂತ ನಾವು ಅರ್ಥ ಮಾಡಿಕೊಂಡರೂ ಬಾಗಿಲಲ್ಲಿರುವ ಸಿಬ್ಬಂದಿ ತಡೆಯಲೇಬೇಕು. ಮಕ್ಕಳು ಕುಣಿಯುವ ವಿಡಿಯೋ ಬೇಕಾದರೆ ಪರದೆಗೆ ಬೆನ್ನು ಮಾಡಿ ನಿಂತು ಅವರನ್ನೇ ತೆಗೆಯಿರಿ, ಅದೂ ಸಿಬ್ಬಂದಿಗೆ ಒಂದು ಮಾತು ಹೇಳಿ. ಇಲ್ಲದಿದ್ದರೆ ಫೋಟೋ ಎಲ್ಲ ಲಾಬಿಯ ಪೋಸ್ಟರ್ ಮುಂದೆ.

ಲೈಟ್ ಕಡ್ಡಿ ಬಗ್ಗೆ ಥಿಯೇಟರಿಗೆ ಥಿಯೇಟರ್ ಬೇರೆ. ಬ್ಯಾಟರಿ ಇರುವ ವಸ್ತು ಬ್ಯಾಗಿನ ತಳದಲ್ಲಿದ್ದರೆ ತಪಾಸಣೆಯಲ್ಲಿ ನಿಲ್ಲಿಸುತ್ತಾರೆ, ಕೈಯಲ್ಲಿ ಹಿಡಿದು ಆನ್ ಮಾಡಿ ತೋರಿಸಿ. ಒಳಗೆ ಪಟಪಟ ಮಿನುಗುವ ಮೋಡ್ ಬೇಡ, ಒಂದೇ ಸಮನೆ ಉರಿಯುವ ಮಂದ ಬೆಳಕು ಇಟ್ಟು ಎದೆಯ ಮಟ್ಟಕ್ಕಿಂತ ಮೇಲೆ ಎತ್ತದಿದ್ದರೆ ಯಾರೂ ಆಕ್ಷೇಪಿಸುವುದಿಲ್ಲ.

ಇಂಟರ್ವಲ್: ಈ ಚಿತ್ರ ಅಮೆರಿಕದಲ್ಲಿ ಬಿಡುವಿಲ್ಲದೆ ಓಡಿದೆ, ನಮ್ಮಲ್ಲಿ ಸಾಮಾನ್ಯವಾಗಿ ಮಧ್ಯೆ ಒಂದು ಕಡೆ ನಿಲ್ಲಿಸುತ್ತಾರೆ. ಸರಿಯಾಗಿ ಅರ್ಧಕ್ಕೆ ಅಂದರೆ 84ನೇ ನಿಮಿಷ. ಮೇಲೆ ಕೊಟ್ಟಿರುವ ಕ್ರಮ ನೋಡಿದರೆ ಅದು ರೆಡ್ ಭಾಗದ ಆಸುಪಾಸು, ಹತ್ತು ನಿಮಿಷದ ಒಂದು ಉದ್ದ ಹಾಡು ಇರುವ ಕಡೆ. ಹಾಡಿನ ನಡುವೆ ಲೈಟ್ ಹಾಕಿದರೆ ಇಡೀ ಹಾಲ್ ಕೂಗುತ್ತದೆ. ಎರಡು ಆಲ್ಬಮ್ಮಿನ ನಡುವಿನ ಕತ್ತಲಲ್ಲಿ ನಿಲ್ಲಿಸಲು ಪ್ರೊಜೆಕ್ಷನ್ನಿಗೆ ಸಾಧ್ಯವಿದೆ, ಸಮಯ ಬರೆದು ಕಾರ್ಯಕ್ರಮ ಪಟ್ಟಿಗೆ ಸೇರಿಸಿದರೆ ಆಯಿತು. ಆದರೆ ಅದನ್ನು ಶೋ ಶುರುವಾಗುವ ಮೊದಲೇ ಮಾಡಬೇಕು, ಚಿತ್ರ ಓಡುವಾಗ ಹೇಳಿದರೆ ಆಗುವುದಿಲ್ಲ. ಹಾಗಾಗಿ ಬುಕ್ ಮಾಡಿದ ದಿನವೇ ಥಿಯೇಟರಿಗೆ ಫೋನ್ ಮಾಡಿ ಮೂರನ್ನೂ ಒಟ್ಟಿಗೆ ಕೇಳಿ: ನಿಂತು ಹಾಡಬಹುದಾ, ಇಂಟರ್ವಲ್ ಎಲ್ಲಿ, ಕೊನೆಯ ಹೆಸರುಗಳು ಮುಗಿಯುವವರೆಗೆ ಲೈಟ್ ಹಾಕದೆ ಬಿಡುತ್ತೀರಾ. ಮುಂದಿನ ಶೋಗೆ ಹಾಲ್ ಗುಡಿಸಲು ಸಿಗುವುದು 15-20 ನಿಮಿಷ ಮಾತ್ರ, ಮುಂಚೆ ಹೇಳದಿದ್ದರೆ ಹುಡುಗರು ಹೆಸರು ಶುರುವಾದ ಕೂಡಲೇ ಬಾಗಿಲು ತೆರೆಯುತ್ತಾರೆ.

ನೀರು: ಹೊರಗಿನ ತಿಂಡಿ ತಡೆಯಲು ಥಿಯೇಟರಿಗೆ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ, ಕುಡಿಯುವ ನೀರನ್ನು ಮಾತ್ರ ಉಚಿತವಾಗಿ ಕೊಡಲೇಬೇಕು ಅಂತಲೂ ಹೇಳಿದೆ. ಮೂರು ಗಂಟೆ ಕೂಗುವ ಮಕ್ಕಳಿಗೆ ತಂಪು ಪಾನೀಯಕ್ಕಿಂತ ಅದೇ ಬೇಕು. ನೀರಿನ ಜಾಗ ಎಲ್ಲಿದೆ ಅಂತ ಒಳಗೆ ಹೋಗುವ ಮುಂಚೆ ಕೇಳಿಕೊಳ್ಳಿ, ಬಹಳ ಕಡೆ ಬಾತ್‌ರೂಮಿನ ಓಣಿಯಲ್ಲಿರುತ್ತದೆ.

---

ಎಡಿಸನ್ ಕನ್ನಡತಿ:

ಮೇಡಂ, ನೀರಿನ ಮಾತು ಬಂತಲ್ಲ, ಅದರ ಜೊತೆ ಇದನ್ನೂ ಸೇರಿಸಿ. ಉಡುಪಿನಿಂದ ಉದುರುವ ಮಿರಿಮಿರಿ ಪುಡಿ ಬೆವರಿನ ಜೊತೆ ಕಣ್ಣಿಗೆ ಇಳಿಯುತ್ತದೆ. ಕರಕುಶಲದ ಅಂಗಡಿಯ ಪುಡಿ ಮುಖಕ್ಕೆ ಹಚ್ಚಬೇಡಿ, ಮುಖಕ್ಕೆಂದೇ ಮಾರುವುದನ್ನು ಕೆನ್ನೆಯ ಮೇಲ್ಭಾಗಕ್ಕೆ ಮಾತ್ರ ಹಚ್ಚಿ. ಒದ್ದೆ ಒರೆಸುವ ಹಾಳೆಯ ಒಂದು ಪ್ಯಾಕೆಟ್ ದೊಡ್ಡವರೊಬ್ಬರ ಬ್ಯಾಗಿನಲ್ಲಿರಲಿ. ಹುಡುಗಿಯರಿಗೆ ಎತ್ತರ ಹಿಮ್ಮಡಿಯ ಚಪ್ಪಲಿ ಬೇಡ, ಲೇಸ್ ಬಿಗಿದ ಶೂ ಹಾಕಿಸಿ.